ಮೇಲಿನವನು ಕೊನೆಗೆ ಏಳಬೇಕು

ಕಿವಿಯಪ್ಪನ ಮನೆಗೆ ಹೋದರೆ ‘ಬನ್ನಿ, ಕೂತ್ಕೊಳ್ಳಿ’ ಎನ್ನುವ ಬಾಯಿಗೇನೂ ಕೊರತೆಯಿರಲಿಲ್ಲ, ಕೂರುವ ಜಾಗಕ್ಕೆ ಮಾತ್ರ ಕೊರತೆಯಿತ್ತು. ಸೋಫಾದ ಮೇಲೆ ತಂತಿಯ ಸುರುಳಿಗಳು ಕಾಲು ಚಾಚಿ ಮಲಗಿದ್ದವು. ಒಂದು ಕುರ್ಚಿಯಲ್ಲಿ ಬೆಸುಗೆ ಹಾಕುವ ಸಾಮಾನು, ಇನ್ನೊಂದರಲ್ಲಿ ಸ್ಕ್ರೂಗಳ ಡಬ್ಬಿ, ಟೀಪಾಯಿಯ ಮೇಲೆ ಹೊಟ್ಟೆ ಬಿಚ್ಚಿಕೊಂಡ ಆಂಪ್ಲಿಫೈಯರು. ಹೆಂಡತಿಯ ಹೊಲಿಗೆ ಯಂತ್ರ ಕಿಟಕಿಯ ಬೆಳಕಿನಿಂದ ಎತ್ತಂಗಡಿಯಾಗಿ ಅಡುಗೆಮನೆಯ ಬಾಗಿಲ ಹತ್ತಿರ ಹೋಗಿ ಬಿದ್ದಿತ್ತು. ಬಟ್ಟೆ ಹೊಲಿಸಲು ಬಂದ ಹೆಂಗಸರು ಅಳತೆ ಕೊಡಲು ನಿಂತರೆ ಬೆನ್ನಿಗೊಂದು ಸ್ಪೀಕರಿನ ಮೂಲೆ ಚುಚ್ಚುತ್ತಿತ್ತು.

“ಈ ಮನೇಲಿ ಮನುಷ್ಯರಿಗಿಂತ ವೈರೇ ಜಾಸ್ತಿ,” ಎಂದು ಹೆಂಡತಿ ಹೇಳಿದಾಗಲೆಲ್ಲ ಅವನು, “ಇನ್ನೇನು, ಮುಗೀತು ಅಂತ ತಿಳ್ಕೋ,” ಎನ್ನುತ್ತಿದ್ದ. ಮುಗಿಯುತ್ತಿರಲಿಲ್ಲ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಅರ್ಧ ಊಟದಲ್ಲಿ ಎದ್ದು ಹೋಗಿ ಒಂದು ತಂತಿ ಕಿತ್ತು ಇನ್ನೊಂದು ಕಡೆ ಸಿಕ್ಕಿಸಿ, ಎಡಗೈಯಲ್ಲಿ ತಲೆ ಕೆರೆದುಕೊಂಡು ವಾಪಸು ಬರುತ್ತಿದ್ದ. ಅನ್ನ ಆರಿರುತ್ತಿತ್ತು. ಹೆಂಡತಿಯ ತಾಳ್ಮೆಯೂ ಆರಿರುತ್ತಿತ್ತು.

ಕಿವಿಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಾರ್ಖಾನೆ ಇಟ್ಟದ್ದು. ಅಲ್ಲಿ ಫ್ಯಾನು, ಮಿಕ್ಸಿಗಳೊಳಗೆ ಕೂರುವ ಸಣ್ಣ ಮೋಟಾರುಗಳು ತಯಾರಾಗುತ್ತಿದ್ದವು. ತೂಕ, ವೇಗ, ಬಿಸಿ ಎಲ್ಲವನ್ನೂ ಯಂತ್ರಗಳು ಅಳೆದು ಮುಗಿಸಿದ ಮೇಲೆ ಪ್ರತಿ ಮೋಟಾರೂ ಕಡೆಗೊಮ್ಮೆ ಒಂದು ಪುಟ್ಟ ಕೋಣೆಗೆ ಬರಬೇಕಿತ್ತು. ಗೋಡೆಗೆಲ್ಲ ದಪ್ಪ ಕಂಬಳಿ ಹೊದಿಸಿದ ಆ ಕೋಣೆಯಲ್ಲಿ ಒಂದೇ ಕುರ್ಚಿ, ಆ ಕುರ್ಚಿಯಲ್ಲಿ ಅವನು. ಮೋಟಾರು ಚಾಲೂ ಮಾಡಿ, ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಗುರ್ ಎಂದರೆ ಒಳಗಿನ ಕಂಬಿ ಸೊಟ್ಟ. ಟಕಟಕ ಎಂದರೆ ಎಲ್ಲೋ ಸಡಿಲ. ದಾರದೆಳೆಯಷ್ಟು ಸಣ್ಣಗೆ ಕೀ ಎಂದರೆ ಬೇರಿಂಗಿಗೆ ಎಣ್ಣೆ ಮುಟ್ಟಿಲ್ಲ. ಅವನು ತಲೆಯಾಡಿಸಿದರೆ ಗೂಡುಕಿಟಕಿಯ ಆಚೆ ಕೂತ ಲೇಬಲ್ಲಮ್ಮ ಮೋಟಾರಿಗೆ ಲೇಬಲ್ಲು ಅಂಟಿಸುತ್ತಿದ್ದಳು, ಬೆರಳಾಡಿಸಿದರೆ ಅದನ್ನು ಕೆಂಪು ತೊಟ್ಟಿಗೆ ಹಾಕುತ್ತಿದ್ದಳು. ಅವಳ ಹೆಸರನ್ನೂ ಕಾರ್ಖಾನೆಯೇ ನುಂಗಿಹಾಕಿತ್ತು. ಕಿವಿಯಪ್ಪ ಪಾಸು ಮಾಡಿದ ಮೇಲೆ ಆ ಮೋಟಾರಿನ ಬಗ್ಗೆ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಸೂಪರ್‌ವೈಸರ್ ಒಂದು ಮೋಟಾರನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಕೋಣೆಗೆ ಬಂದ. ವಯಸ್ಸಿನಲ್ಲಿ ಚಿಕ್ಕವನು, ಮಾತಿನಲ್ಲಿ ಬೆಣ್ಣೆ.

“ಏನಿಲ್ಲ, ಇದು ಅಂಗಡಿಯಿಂದ ವಾಪಸು ಬಂತು. ಇಂಥವು ಇನ್ನೂ ಕೆಲವು ಬಂದಿವೆ. ಕೀ ಅಂತಿದೆ ಅಂತಾರೆ. ಒಂಚೂರು ಕೇಳ್ತೀರಾ?”

ಕಿವಿಯಪ್ಪ ಮೋಟಾರು ತಿರುಗಿಸಿದ. ತಲೆ ಓರೆ ಮಾಡಿದ. ಗಾಳಿ ಬೀಸಿದ ಹಾಗೆ ನಯವಾದ ಸದ್ದು, ಅಷ್ಟೇ. ಬಲಗಿವಿ ಕೊಟ್ಟು ಕೇಳಿದ, ಎಡಗಿವಿ ಕೊಟ್ಟು ಕೇಳಿದ. ಎಲ್ಲೂ ಏನೂ ಇಲ್ಲ. ಕಣ್ಣು ತೆರೆದು ನೋಡಿದರೆ ಕಿಟಕಿಯಾಚೆ ಲೇಬಲ್ಲಮ್ಮ ಹುಣಸೆಹಣ್ಣು ಕಚ್ಚಿದವರ ಹಾಗೆ ಮುಖ ಹಿಂಡಿಕೊಂಡು ಕೂತಿದ್ದಳು. ಅವನು ಮೋಟಾರು ಆರಿಸಿದ.

“ಹೌದು,” ಎಂದ, “ಕೀ ಅಂತಿದೆ.”

ಅದು ಅವನು ಆ ಕುರ್ಚಿಯಲ್ಲಿ ಕೂತು ಹೇಳಿದ ಮೊದಲ ಸುಳ್ಳು. ಸೂಪರ್‌ವೈಸರ್ ಮೋಟಾರನ್ನು ಎತ್ತಿಕೊಂಡು ಬಾಗಿಲ ತನಕ ಹೋದವನು ನೆನಪಾದವನಂತೆ ತಿರುಗಿದ. “ಅಂದ ಹಾಗೆ, ಕಂಪನಿಯವರು ಮುಂದಿನ ತಿಂಗಳು ಎಲ್ಲರಿಗೂ ಕಿವಿ ಪರೀಕ್ಷೆ ಇಟ್ಟಿದ್ದಾರೆ. ಹೆಡ್‌ಫೋನ್ ಹಾಕ್ತಾರೆ, ಸದ್ದು ಕೇಳಿದಾಗ ಕೈ ಎತ್ತೋದು. ನಿಮಗಂತೂ ನೀರು ಕುಡಿದಷ್ಟು ಸುಲಭ.”

ಗಂಡಸರಲ್ಲಿ ಒಂದು ಪಂಗಡವಿದೆ. ಇವರಿಗೆ ಹೊಟ್ಟೆನೋವು ಬಂದರೆ ಡಾಕ್ಟರ ಹತ್ತಿರ ಹೋಗುವುದಿಲ್ಲ, ಮನೆಯ ಒಲೆಯನ್ನು ಬಿಚ್ಚಿ ರಿಪೇರಿಗೆ ಕೂರುತ್ತಾರೆ. ಕಿವಿಯಪ್ಪ ಈ ಪಂಗಡದ ಅಧ್ಯಕ್ಷನಾಗಲು ಯೋಗ್ಯ. ಅಂದು ಸಂಜೆ ಮನೆಗೆ ಬಂದವನೇ ತನ್ನ ಹಳೆಯ ಸ್ಪೀಕರುಗಳ ಮುಂದೆ ಕೂತು, ಹರೆಯದಿಂದ ಕೇಳುತ್ತ ಬಂದಿದ್ದ ಒಂದು ಹಾಡಿನ ತಟ್ಟೆ ಹಾಕಿದ. ಒಬ್ಬ ಹೆಂಗಸಿನ ದನಿ, ಒಂದು ಪಿಟೀಲು, ಹಿಂದೆ ಡ್ರಮ್ಮಿನವನು ಹಿತ್ತಾಳೆಯ ಸಿಂಬಲ್ ಮೇಲೆ ಬ್ರಷ್ಷಿನಿಂದ ಸವರುತ್ತಿರುತ್ತಾನೆ. ಆ ಸವರುವ ಸದ್ದು ಮಂಕಾಗಿತ್ತು. ಅವನಿಗೆ ಹೋದ ಜೀವ ಬಂದ ಹಾಗಾಯಿತು. ಅಂದರೆ ಕೆಟ್ಟಿರುವುದು ಕಿವಿಯಲ್ಲ, ಸ್ಪೀಕರು! ಮೋಟಾರಿನ ವಿಷಯಕ್ಕೂ ಸ್ಪೀಕರಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದಿತ್ತು. ಕೇಳುವವರಿಗೆ ಅವನು ಹೇಳಿದ್ದರೆ ತಾನೆ?

ಆವತ್ತಿನಿಂದ ಶುರುವಾಯಿತು ಈ ಕಾರುಬಾರು. ಮಾಮೂಲಿ ಸ್ಪೀಕರಿನಲ್ಲಿ ಒಂದೇ ಆಂಪ್ಲಿಫೈಯರು ದಪ್ಪ ಸದ್ದು, ತೆಳು ಸದ್ದು ಎಲ್ಲವನ್ನೂ ಹೊತ್ತು ತರುತ್ತದೆ, ಪೆಟ್ಟಿಗೆಯೊಳಗೆ ಬಂದ ಮೇಲೆ ಹಂಚಿಕೆ. ಕಿವಿಯಪ್ಪ ಮಾಡಹೊರಟದ್ದು ಬೇರೆ. ಸದ್ದನ್ನು ಮೊದಲೇ ಒಂದು ಪುಟ್ಟ ಡಬ್ಬಿಯಲ್ಲಿ ಮೂರು ಪಾಲು ಮಾಡಬೇಕು. ಒಂದೊಂದು ಪಾಲಿಗೂ ಒಂದೊಂದು ಆಂಪ್ಲಿಫೈಯರು, ಒಂದೊಂದು ಸ್ಪೀಕರು, ಸದ್ದು ಹೆಚ್ಚು ಕಡಿಮೆ ಮಾಡಲು ಒಂದೊಂದು ಗುಂಡಿ. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಮೂಗು ತೂರಿಸುವ ಹಾಗಿಲ್ಲ. ಹೆಂಡತಿಗೆ ಇದನ್ನು ವಿವರಿಸುವಾಗ ಅವನು ಮೂರು ಆಂಪ್ಲಿಫೈಯರುಗಳನ್ನೂ ಒಡಹುಟ್ಟಿದವರನ್ನಾಗಿ ಮಾಡಿಬಿಟ್ಟ. ದಪ್ಪ ಸದ್ದಿನವನು ಕೆಳಗಿನವನು, ಮಾತು ಹಾಡುಗಳವನು ನಡುವಿನವನು, ಸಿಂಬಲ್ಲಿನಂಥ ತೆಳು ಸದ್ದಿನವನು ಮೇಲಿನವನು. ಹಂಚುವ ಡಬ್ಬಿಗೆ ‘ಪಾಲುಡಬ್ಬಿ’ ಎಂದು ಹೆಂಡತಿಯೇ ಹೆಸರಿಟ್ಟಳು.

“ನಮ್ಮಪ್ಪನ ಆಸ್ತಿ ಭಾಗ ಮಾಡುವಾಗಲೂ ಇಷ್ಟು ತಲೆ ಕೆಡಿಸ್ಕೊಂಡಿರಲಿಲ್ಲ ಯಾರೂ,” ಎಂದಳು.

ಇದರಲ್ಲಿ ಒಂದು ಕಟ್ಟುನಿಟ್ಟು ಇತ್ತು. ಆಂಪ್ಲಿಫೈಯರುಗಳಿಗೆ ಕರೆಂಟು ಕೊಟ್ಟಾಗ ಧಬ್ ಎಂದು ಒಂದು ಪೆಟ್ಟು ಬರುತ್ತದೆ. ದಪ್ಪ ಸ್ಪೀಕರು ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಮೇಲಿನವನ ಪುಟ್ಟ ಸ್ಪೀಕರು, ಅಂದರೆ ಟ್ವೀಟರು, ಉಗುರಿನಷ್ಟು ತೆಳ್ಳಗಿನ ಪೊರೆ, ಆಂಪ್ಲಿಫೈಯರಿಗೂ ಅದಕ್ಕೂ ನಡುವೆ ತಡೆಯಿಲ್ಲ, ಪೆಟ್ಟು ನೇರ ಬಿದ್ದರೆ ಹರಿದೇ ಹೋಗುತ್ತದೆ. ಆದ್ದರಿಂದ ಉಳಿದವರೆಲ್ಲ ಎದ್ದು ಸಮಾಧಾನವಾದ ಮೇಲೆ ಅವನನ್ನು ಎಬ್ಬಿಸಬೇಕು, ಮುಗಿಸುವಾಗ ಅವನನ್ನೇ ಮೊದಲು ಮಲಗಿಸಬೇಕು. “ಮೇಲಿನವನು ಕೊನೆಗೆ ಏಳಬೇಕು, ಮೊದಲು ಮಲಗಬೇಕು,” ಎಂದು ಕಿವಿಯಪ್ಪ ಎಷ್ಟು ಸಲ ಹೇಳಿದನೆಂದರೆ ಅಳತೆ ಕೊಡಲು ಬಂದ ಹೆಂಗಸೊಬ್ಬಳು ಅದನ್ನು ದೇವರ ವಿಷಯ ಎಂದು ತಿಳಿದು ಕೈ ಮುಗಿದಳು.

ಪೆಟ್ಟಿಗೆಗಳನ್ನು ಮಾಡಲು ಒಪ್ಪಿಕೊಂಡವನು ಹೆಂಡತಿಯ ತಮ್ಮ. ಬಡಗಿ. ಎಲ್ಲವನ್ನೂ ಎರಡೆರಡು ಸಲ ಅಳೆಯುವ ಚಟದಿಂದಾಗಿ ಮನೆಮಂದಿಗೆಲ್ಲ ಅವನು ಮಿಲಿಮೀಟರ್. ಭಾವ ಮೈದುನ ಇಬ್ಬರೂ ಸೇರಿ ಮೊದಲ ಪೆಟ್ಟಿಗೆಯನ್ನು ಮುಗಿಸಿ, ಒಂದೇ ಕಡೆಯ ಸ್ಪೀಕರನ್ನು ಹಾಡಿಸಿ ನೋಡಿದ ದಿನ ಜಗಳ ಶುರುವಾಯಿತು.

“ರೀ, ಕಡಿಮೆ ಮಾಡ್ರೀ! ಕಿವಿಗೆ ಸೂಜಿ ಚುಚ್ಚಿದ ಹಾಗಿದೆ,” ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು.

“ಇನ್ನೂ ಏನೂ ಬಂದೇ ಇಲ್ಲ, ಕಡಿಮೆ ಮಾಡೋದೇನು?” ಎಂದು ಅವನು ಮೇಲಿನವನ ಗುಂಡಿಯನ್ನು ಇನ್ನಷ್ಟು ತಿರುಗಿಸಿದ. “ದಿನಾ ಹೊಲಿಗೆ ಮೆಷಿನ್ ತುಳಿದು ತುಳಿದು ನಿನ್ನ ಕಿವಿ ಕೆಟ್ಟಿದೆ.”

ಪಕ್ಕದ ಮನೆಯ ನಾಯಿ ಇವರ ಹೊಸ್ತಿಲಲ್ಲಿ ಮಲಗುವುದನ್ನು ರೂಢಿ ಮಾಡಿಕೊಂಡಿತ್ತು. ಮೇಲಿನವನು ಎದ್ದ ಕೂಡಲೇ ಅದು ಬಾಲ ಮುದುರಿಕೊಂಡು ಬೀದಿಯ ತುದಿಗೆ ಓಡುತ್ತಿತ್ತು. ಅದರ ಕಿವಿಯೂ ಕೆಟ್ಟಿದೆ ಎಂದು ಕಿವಿಯಪ್ಪ ತೀರ್ಮಾನಿಸಿದ. ಅಷ್ಟಾದರೂ ಸಮಾಧಾನವಿಲ್ಲ. ತಂತಿ ಬದಲಿಸಿದ. ಟ್ವೀಟರು ಬದಲಿಸಿದ. ಪಾಲುಡಬ್ಬಿಯನ್ನು ಬಿಚ್ಚಿ ಮತ್ತೆ ಕಟ್ಟಿದ. ಬೆಸುಗೆಯ ಹೊಗೆ ಕಣ್ಣಿಗೆ ಹೋಗಿ ನೀರು ಸುರಿಯುತ್ತಿದ್ದರೂ ಬಿಡಲಿಲ್ಲ. ಕಿವಿ ಡಾಕ್ಟರರ ಹತ್ತಿರ ಒಂದು ಸಲ ಹೋಗಿಬರೋಣವೇ ಎಂದು ಹೆಂಡತಿ ಒಮ್ಮೆ ಮೆಲ್ಲಗೆ ಕೇಳಿದ್ದಳು. “ಯಾರಿಗೆ, ನಿನಗಾ?” ಎಂದುಬಿಟ್ಟ. ಅವಳು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಕಾರ್ಖಾನೆಯಲ್ಲಿ ಅವನ ಪಾಡು ನಾಯಿಪಾಡು. ಪ್ರತಿ ಮೋಟಾರಿಗೂ ತಲೆಯಾಡಿಸುವ ಮುಂಚೆ ಕಿಟಕಿಯತ್ತ ಕಳ್ಳನೋಟ ಹಾಯಿಸುತ್ತಿದ್ದ. ಲೇಬಲ್ಲಮ್ಮ ಸುಮ್ಮನಿದ್ದರೆ ಪಾಸು. ಒಂದೊಂದು ಸಲ ಅವಳಿಗೆ ಬರೀ ಆಕಳಿಕೆ ಬಂದದ್ದಕ್ಕೆ ಒಳ್ಳೆಯ ಮೋಟಾರು ಕೆಂಪು ತೊಟ್ಟಿಗೆ ಹೋಗುತ್ತಿತ್ತು. ಕೂತು ಸಂಪಾದಿಸಿದ ಹೆಸರನ್ನು ಕದ್ದು ಕಾಪಾಡಿಕೊಳ್ಳುವ ಹಾಗಾಯಿತಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಆ ಕುರ್ಚಿ ಹೋದರೆ ಉಳಿಯುವುದೇನು? ಕಿವಿಯಿಲ್ಲದ ಕಿವಿಯಪ್ಪ.

ಪರೀಕ್ಷೆ ಇನ್ನೇನು ಬಂತು ಎನ್ನುವಾಗ ಎರಡನೆಯ ಪೆಟ್ಟಿಗೆಯೂ ಸಿದ್ಧವಾಯಿತು. ಭಾನುವಾರ ಮಧ್ಯಾಹ್ನ ಮಿಲಿಮೀಟರ್ ಅದನ್ನು ಮಗುವಿನ ಹಾಗೆ ಎದೆಗವಚಿಕೊಂಡು ಬಂದ. ಕಿವಿಯಪ್ಪ ಹೊಸ ಅಂಗಿ ತೊಟ್ಟಿದ್ದ. ಇವತ್ತು ಇದು ಹಾಡಿತೋ, ತನ್ನ ಕಿವಿ ನೆಟ್ಟಗಿದೆ ಎಂದೇ ಅರ್ಥ. ಹೆಡ್‌ಫೋನ್ ಅಲ್ಲ, ಅದರ ಅಪ್ಪನನ್ನೇ ತರಲಿ. ಹೀಗೆಂದು ತನಗೆ ತಾನೇ ಬೆಳಗಿನಿಂದ ಹೇಳಿಕೊಳ್ಳುತ್ತಿದ್ದ.

ಪೆಟ್ಟಿಗೆಗಳನ್ನು ಗೋಡೆಗೆ ಎರಡೂ ಕಡೆ ನಿಲ್ಲಿಸಿದರು. ತಂತಿಗಳನ್ನು ಸಿಕ್ಕಿಸಿದ್ದಾಯಿತು. ಕಿವಿಯಪ್ಪ ಪಾಲುಡಬ್ಬಿಯ ಸ್ವಿಚ್ಚು ಒತ್ತಿದ. ಕೆಳಗಿನವನನ್ನು ಎಬ್ಬಿಸಿದ, ಧಬ್ ಎಂದಿತು, ಅವನ ಕೆಂಪು ದೀಪ ಹತ್ತಿತು. ನಡುವಿನವನನ್ನು ಎಬ್ಬಿಸಿದ, ಅವನ ದೀಪವೂ ಹತ್ತಿತು. ಮೇಲಿನವನ ಸ್ವಿಚ್ಚಿನ ಕಡೆ ಕೈ ಚಾಚಿದ್ದನೋ ಇಲ್ಲವೋ, ಅಷ್ಟರಲ್ಲಿ ಮಿಲಿಮೀಟರ್ ನೆಲದ ಮೇಲೆ ಮಲಗಿ ಒಂದು ಕಣ್ಣು ಮುಚ್ಚಿ, “ಭಾವ, ಆ ಪೆಟ್ಟಿಗೆ ಒಂದು ಕೂದಲೆಳೆ ಮುಂದಿದೆ,” ಎಂದ.

“ಎಲ್ಲಿ?”

“ಬಲಮೂಲೆ. ತಳ್ಳಿ. ಜಾಸ್ತಿ ಆಯ್ತು. ಎಳೀರಿ. ಅಯ್ಯೋ, ಅಷ್ಟಲ್ಲ!”

ತಳ್ಳಿ, ಎಳೆದು, ಬೈಸಿಕೊಂಡು, ಬೈದು, ಕೊನೆಗೆ ಸರಿಯಾಯಿತು ಎನಿಸಿಕೊಂಡಾಗ ಕಿವಿಯಪ್ಪನಿಗೆ ತಡೆಯಲಾಗಲಿಲ್ಲ. ನೇರ ಹೋಗಿ ಅದೇ ಹಳೆಯ ತಟ್ಟೆ ಹಾಕಿ, ಸೋಫಾದ ಮೇಲಿನ ತಂತಿಗಳನ್ನು ಒಂದು ಪಕ್ಕಕ್ಕೆ ನೂಕಿ, ಕೂತು ಕಣ್ಣು ಮುಚ್ಚಿದ.

ಹಾಡು ಶುರುವಾಯಿತು. ಡ್ರಮ್ಮಿನ ದಪ್ಪ ಸದ್ದು ನೆಲದಿಂದ ಎದ್ದು ಕಾಲಿಗೆ ತಗುಲಿತು. ಹೆಂಗಸಿನ ದನಿ ಗೋಡೆಯ ನಡುವಿನಿಂದ ಎದ್ದು ಬಂದಂತಿತ್ತು. ಆಮೇಲೆ ಸಿಂಬಲ್.

“ಆಹಾ!” ಎಂದ ಕಿವಿಯಪ್ಪ. “ಕೇಳಿ, ಕೇಳಿ. ಬ್ರಷ್ಷು ಹೇಗೆ ಸವರ್ಕೊಂಡು ಹೋಗ್ತಿದೆ! ಒಂದೊಂದು ಕೂದಲೂ ಬೇರೆ ಬೇರೆ ಕೇಳ್ಸತ್ತೆ. ಈಗ ಬಂತು ನೋಡು ಮೇಲಿನವನ ಪಾಲು. ನಾನು ಹೇಳ್ಲಿಲ್ವಾ?”

ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿ ಕೇಳಿಸುತ್ತಿತ್ತು. ಎಷ್ಟೋ ವರ್ಷ ಕೇಳಿದ ತಟ್ಟೆ ಅದು, ಎಲ್ಲಿ ಬ್ರಷ್ಷು ಬೀಳುತ್ತದೆ, ಎಲ್ಲಿ ಏಳುತ್ತದೆ ಎಂಬುದೆಲ್ಲ ಅವನೊಳಗೇ ಅಚ್ಚಾಗಿತ್ತು. ಸ್ಪೀಕರು ಕೊಡದೇ ಇದ್ದುದನ್ನು ನೆನಪು ತುಂಬಿಕೊಡುತ್ತಿತ್ತು, ಅವನು ತಾಳ ಹಾಕುತ್ತಿದ್ದ.

ಮಿಲಿಮೀಟರ್ ಹುಬ್ಬು ಗಂಟಿಕ್ಕಿದ. ಹಾಡು ಹೊದಿಕೆಯೊಳಗಿಂದ ಬಂದಂತೆ ಮಂಕಾಗಿತ್ತು. ಅವನು ಆಂಪ್ಲಿಫೈಯರುಗಳನ್ನು ನೋಡಿದ. ಎರಡು ದೀಪ ಹತ್ತಿದ್ದವು, ಮೂರನೆಯದು ಹತ್ತಿರಲಿಲ್ಲ. ಬಾಯಿ ತೆರೆದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ತುಟಿಯ ಮೇಲೆ ಬೆರಳಿಟ್ಟು, ಬೇಡ ಎಂದು ತಲೆಯಾಡಿಸಿದಳು. ಅವಳ ಕಣ್ಣು ತುಂಬಿಕೊಂಡಿತ್ತು.

ತನ್ನ ಹೊಗಳಿಕೆಗೆ ಯಾರೂ ಹೂಂ ಎನ್ನದ್ದರಿಂದ ಕಿವಿಯಪ್ಪ ಕಣ್ಣು ತೆರೆದ. “ಏನು, ಬಾಯಿಗೆ ಬೀಗ ಹಾಕ್ಕೊಂಡ್ರಾ ಇಬ್ಬರೂ?” ಎಂದ. ಅವರು ನೋಡುತ್ತಿದ್ದ ಕಡೆ ಅವನೂ ನೋಡಿದ. ದೀಪವಿಲ್ಲದ ಮೇಲಿನವನು. ಹೊಸ್ತಿಲಲ್ಲಿ ಪಕ್ಕದ ಮನೆಯ ನಾಯಿ ನಾಲ್ಕೂ ಕಾಲು ಚಾಚಿ ಸುಖವಾಗಿ ನಿದ್ದೆ ಮಾಡುತ್ತಿತ್ತು.

“ಯಾರು ಆಫ್ ಮಾಡಿದ್ದು ಇದನ್ನ?”

“ಯಾರೂ ಮಾಡ್ಲಿಲ್ಲ,” ಎಂದಳು ಹೆಂಡತಿ. “ನೀವು ಆನ್ ಮಾಡ್ಲಿಲ್ಲ.”

“ನನ್ನ ಕಿವಿ ಮೇಲೆ ಹೂ ಇಡ್ಬೇಡ. ಈಗ ತಾನೆ ಕೇಳಿದೀನಿ ನಾನು. ಬಲ್ಬು ಹೋಗಿರಬೇಕು.” ಅವನು ಎದ್ದು ಹೋಗಿ ಸ್ವಿಚ್ಚು ಒತ್ತಿದ.

ಮೇಲಿನವನ ಗುಂಡಿ ಅವನು ಮೊದಲೇ ಪೂರ್ತಿ ಏರಿಸಿಟ್ಟಿದ್ದ ಕಡೆಯೇ ಇತ್ತು. ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡಳು. ಮಿಲಿಮೀಟರ್ ಮುಖ ಕಿವುಚಿ ಹಿಂದಕ್ಕೆ ಸರಿದ. ನಾಯಿ ಎದ್ದು, ಇದೇನು ಜನವೋ ಎಂಬಂತೆ ನೋಡಿ, ಓಡಿಹೋಯಿತು. ಕಿವಿಯಪ್ಪನಿಗೆ ಮಾತ್ರ ದೂರದಲ್ಲಿ ಯಾರೋ ತೆಳ್ಳಗೆ ಉಸಿರು ಬಿಟ್ಟ ಹಾಗಾಯಿತು. ಅವನು ಸ್ವಿಚ್ಚು ಆರಿಸಿದ. ಮತ್ತೆ ಒತ್ತಿದ. ಆರಿಸಿದಾಗ ಅವರ ಮುಖ ಸಡಿಲವಾಗುತ್ತಿತ್ತು, ಒತ್ತಿದಾಗ ಬಿಗಿಯಾಗುತ್ತಿತ್ತು. ಅವನು ಸ್ವಿಚ್ಚಿನಿಂದ ಕೈ ತೆಗೆದು, ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಮನೆಯಿಂದ ಹೊರಬಿದ್ದ.

ಎಲ್ಲಿಗೆ ಹೋಗಬೇಕೆಂದು ಅವನಿಗೇ ಗೊತ್ತಿರಲಿಲ್ಲ, ಕಾಲಿಗೆ ಗೊತ್ತಿರುವ ಹಾಗೆ ಅದು ಹೊತ್ತುಕೊಂಡು ಹೋಯಿತು. ಬಸ್ಸೊಂದು ನಿಲ್ದಾಣದಲ್ಲಿ ಬ್ರೇಕು ಹಾಕಿತು. ನಿಂತಿದ್ದವರೆಲ್ಲ ಒಟ್ಟಿಗೆ ಮುಖ ಕಿವುಚಿದರು. ಅವನಿಗೆ ಬರೀ ಗುಡುಗುಡು. ಕೀಲಿಕೈ ಅಂಗಡಿಯವನು ಚಕ್ರಕ್ಕೆ ಕಬ್ಬಿಣ ಹಿಡಿದು ಕಿಡಿ ಹಾರಿಸುತ್ತಿದ್ದ. ಕಿಡಿ ಕಂಡಿತು, ಅಷ್ಟೇ. ಕರೆಂಟಿನ ತಂತಿಯ ಮೇಲೆ ಎರಡು ಪುಟ್ಟ ಹಕ್ಕಿಗಳು ಎದುರುಬದುರು ಕೂತು ಕೊಕ್ಕು ತೆರೆಯುತ್ತ ಮುಚ್ಚುತ್ತ ಇದ್ದವು. ಇವು ಯಾವಾಗ ಮಾತು ಬಿಟ್ಟವು? ಹೋದ ವರ್ಷವೇ? ಅದಕ್ಕೂ ಮುಂಚೆಯೇ? ಒಂದು ದಿನವಾದರೂ ತಾನು ಅದನ್ನು ಗಮನಿಸಲಿಲ್ಲವಲ್ಲ! ಅವನಿಗೆ ಹೆದರಿಕೆಯಾಯಿತು. ಸಾವು, ರೋಗ ಎಂದೆಲ್ಲ ಜನ ಹೆದರುತ್ತಾರಲ್ಲ, ಅಂಥದೇ ಹೆದರಿಕೆ. ಇಷ್ಟು ದಿನ ಅವನನ್ನು ಕೂರಲು ಬಿಡದೆ ಅಟ್ಟಾಡಿಸುತ್ತಿದ್ದದ್ದು ಇದೇ ಎಂದು ಈಗ ಗೊತ್ತಾಯಿತು. ಗೊತ್ತಾದ ಮೇಲೆ ಓಡಿ ಏನು ಬಂತು? ಬಿಸಿಲು ಇಳಿಯುವ ತನಕ ಬೀದಿ ಬೀದಿ ಸುತ್ತಿ, ಕಾಲು ಸೋತು, ಮನೆಗೆ ತಿರುಗಿದ.

ಮಿಲಿಮೀಟರ್ ಹೋಗಿಯಾಗಿತ್ತು. ಹೆಂಡತಿ ಒಂದು ಕುರ್ಚಿಯನ್ನು ಖಾಲಿ ಮಾಡಿ ಸ್ಪೀಕರುಗಳ ಎದುರಿಗೆ ಇಟ್ಟು, ತಾನು ಆಂಪ್ಲಿಫೈಯರುಗಳ ಪಕ್ಕ ನೆಲದ ಮೇಲೆ ಕೂತಿದ್ದಳು.

“ಎಲ್ಲಾ ಆಫ್ ಮಾಡಿದೀನಿ,” ಎಂದಳು. “ಮೇಲಿನವನನ್ನೇ ಮೊದಲು.”

ಅವನು ಕೂತ. ಆರಿದ ದೀಪಗಳನ್ನೇ ನೋಡುತ್ತ ಕೇಳಿದ, “ನಿಂಗೆ ಯಾವಾಗಿಂದ ಗೊತ್ತು?”

“ಫ್ರಿಜ್ ಬಾಗಿಲು ಸರಿಯಾಗಿ ಹಾಕದಿದ್ರೆ ಕುಯ್ಯೋ ಅಂತ ಬಡ್ಕೊಳ್ಳತ್ತಲ್ಲ, ಅದರ ಮುಂದೆನೇ ನಿಂತ್ಕೊಂಡು ನೀವು ಪೇಪರ್ ಓದ್ತಿದ್ರಿ. ಆವತ್ತಿಂದ.”

“ಹೇಳಬಾರದಿತ್ತಾ?”

“ಊರಿಗೆಲ್ಲ ಕಿವಿಯಪ್ಪ ನೀವು. ನಿಮಗೆ ಕೇಳ್ಸಲ್ಲ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ಹೇಳಿದ್ರೆ ಎದ್ದು ಹೋಗಿಬಿಡ್ತೀರಿ ಅಂತ ಹೆದರಿಕೆ. ಹೇಳದೆ ಇದ್ರೂ ಎದ್ದು ಹೋದ್ರಿ.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

“ನನ್ನ ಕಿವಿ ಹೋಯ್ತು ಕಣೇ.”

“ಎಲ್ಲಿಗೆ ಹೋಯ್ತು? ನಾನು ಇಷ್ಟು ಮೆತ್ತಗೆ ಮಾತಾಡ್ತಿರೋದು ಕೇಳ್ತಿದೆ ತಾನೆ? ರಾಗ ಕೇಳ್ತಿದೆ ತಾನೆ? ಮೇಲಿನವನು ಮೊದಲು ಮಲಗಬೇಕು ಅಂತ ನೀವೇ ನನ್ನ ತಲೆ ತಿಂದಿದ್ರಲ್ಲ. ಮಲಗಿದಾನೆ. ಉಳಿದವರು ಎದ್ದೇ ಇದಾರೆ.”

ಕಿವಿಯಪ್ಪನಿಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ಎರಡನ್ನೂ ತಡೆಯಲಿಲ್ಲ. ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು, “ಸರಿ, ಎಬ್ಬಿಸು ಅವರನ್ನ,” ಎಂದ. ಅವಳು ಅವನು ಮಾಡುತ್ತಿದ್ದ ಹಾಗೆಯೇ ಪಾಲುಡಬ್ಬಿ, ಕೆಳಗಿನವನು, ನಡುವಿನವನು ಎಂದು ಒಂದೊಂದಾಗಿ ಒತ್ತಿದಳು. ಮೇಲಿನವನ ಹತ್ತಿರ ಬಂದಾಗ ಗುಂಡಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ಆಮೇಲೆ ಸ್ವಿಚ್ಚು ಒತ್ತಿದಳು. ತಟ್ಟೆ ತಿರುಗತೊಡಗಿತು.

“ನೀನೇ ಇಡು,” ಎಂದ ಅವನು. “ನನ್ನ ಕೇಳ್ಬೇಡ.”

ಅವಳು ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಂದಳು. ಅವನು ಸ್ಪೀಕರನ್ನು ನೋಡಲಿಲ್ಲ, ಕಣ್ಣನ್ನೂ ಮುಚ್ಚಲಿಲ್ಲ, ಅವಳ ಮುಖವನ್ನೇ ನೋಡುತ್ತ ಕೂತ. ಮೊದಲು ಅಲ್ಲಿ ಏನೂ ಇರಲಿಲ್ಲ. ಆಮೇಲೆ ಹುಬ್ಬು ಒಂಚೂರು ಮೇಲೇರಿತು. ಆಮೇಲೆ ಹುಬ್ಬು ಗಂಟಿಕ್ಕಿತು, ಅವಳು ಗುಂಡಿಯನ್ನು ತುಸು ಹಿಂದಕ್ಕೆ ತಂದಳು. ಗಂಟು ಬಿಚ್ಚಿತು. ಅವಳ ಕೈ ನಿಂತಿತು, ಬಾಯಿ ತಾನಾಗಿ ತೆರೆದುಕೊಂಡಿತು.

“ಅಯ್ಯೋ, ರೀ! ಇವಳು ಪ್ರತಿ ಸಾಲಿಗೂ ಮುಂಚೆ ಉಸಿರು ತಗೊಳ್ತಾಳೆ!”

“ಹೌದು. ಎರಡನೇ ಚರಣದಲ್ಲಿ ಸ್ವಲ್ಪ ಅವಸರದಲ್ಲಿ ತಗೊಳ್ತಾಳೆ.”

ಅವಳು ಕಾದಳು. ಎರಡನೆಯ ಚರಣ ಬಂತು. ಅವಳು ಅವನತ್ತ ತಿರುಗಿ ತಲೆಯಾಡಿಸಿದಳು. ಆ ಉಸಿರು ಅವನಿಗೆ ಕೇಳಿಸಲಿಲ್ಲ, ಇನ್ನು ಕೇಳಿಸುವುದೂ ಇಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತಾಯಿತು, ನೋವೂ ಆಯಿತು. ಆದರೆ ಅದು ಎಲ್ಲಿ ಬಂದು ಹೋಯಿತು ಎಂಬುದನ್ನು ಅವನು ಕಣ್ಣಾರೆ ಕಂಡಿದ್ದ. ತಟ್ಟೆಯ ಒಂದು ಮಗ್ಗುಲು ಮುಗಿಯುವ ತನಕ ಅವನು ಕುರ್ಚಿಯಿಂದ ಏಳಲಿಲ್ಲ.

ಮರುದಿನ ಕಾರ್ಖಾನೆಯಲ್ಲಿ ಅವನು ನೇರ ಸೂಪರ್‌ವೈಸರ್ ಬಳಿಗೆ ಹೋದ. ಹೇಗೆ ಶುರು ಮಾಡುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಬಾಗಿಲಲ್ಲಿ ಮರೆತುಹೋಯಿತು.

“ನಮ್ಮ ಮೇಲಿನವನು ಮಲಗಿಬಿಟ್ಟಿದಾನೆ,” ಎಂದುಬಿಟ್ಟ.

ಸೂಪರ್‌ವೈಸರ್ ಗಾಬರಿಯಿಂದ ಮೇಲಿನ ಮಹಡಿಯತ್ತ ನೋಡಿದ. “ಯಾರು, ಮ್ಯಾನೇಜರಾ?”

“ಅಲ್ಲ, ನನ್ನ ಕಿವೀಲಿರೋನು. ತೆಳು ಸದ್ದು ನಂಗೆ ಕೇಳ್ತಿಲ್ಲ. ಆವತ್ತು ನೀವು ತಂದ ಮೋಟಾರು ಕೀ ಅಂತಿದೆ ಅಂತ ಹೇಳಿದ್ನಲ್ಲ, ಸುಳ್ಳು. ನಂಗೇನೂ ಕೇಳಿರಲಿಲ್ಲ.”

ಸೂಪರ್‌ವೈಸರನ ಬೆಣ್ಣೆ ಮಾತು ಎಲ್ಲೋ ಕರಗಿಹೋಯಿತು. “ಹಾಗಾದ್ರೆ ಆ ಕುರ್ಚಿ…” ಎಂದು ಅಲ್ಲಿಗೇ ನಿಲ್ಲಿಸಿದ.

“ಬನ್ನಿ,” ಎಂದ ಕಿವಿಯಪ್ಪ. ಕಂಬಳಿಯ ಕೋಣೆಗೆ ಹೋಗಿ ಲೇಬಲ್ಲಮ್ಮನನ್ನು ಒಳಗೆ ಕರೆದ. ಅವಳು ಅಂಟು ಮೆತ್ತಿದ ಬೆರಳುಗಳನ್ನು ಒರೆಸಿಕೊಳ್ಳುತ್ತ ಬಂದು ಬಾಗಿಲಿಗೆ ಒರಗಿ ನಿಂತಳು. ಅವನು ಸಾಲಿನಲ್ಲಿದ್ದ ಮೋಟಾರುಗಳನ್ನು ಒಂದೊಂದಾಗಿ ತಿರುಗಿಸಿ, ತಾನು ಒಂದು ಕಿವಿ ಕೊಟ್ಟು, ಕಣ್ಣನ್ನು ಅವಳ ಮೇಲಿಟ್ಟ. ಒಂದಕ್ಕೆ ಅವಳು ಮುಖ ಹಿಂಡಿದಳು. ಅವನು ಬೆರಳಾಡಿಸಿದ. ಸೂಪರ್‌ವೈಸರ್ ಅದನ್ನು ಕಿವಿಯ ಹತ್ತಿರ ಹಿಡಿದು, “ಹೌದು,” ಎಂದ. ಮುಂದೆ ಒಂದಕ್ಕೆ ಅವಳು ಸುಮ್ಮನೇ ಇದ್ದಳು, ಕಿವಿಯಪ್ಪನೇ ತಲೆ ಎತ್ತಿ, “ಇದು ಗುರ್ ಅಂತಿದೆ, ಒಳಗೆ ಸೊಟ್ಟ,” ಎಂದ. ಸೂಪರ್‌ವೈಸರ್ ಎಷ್ಟು ಕಿವಿಗೊಟ್ಟರೂ ಅದು ಸಿಗಲಿಲ್ಲ. ಬಿಚ್ಚಿಸಿ ನೋಡಿದಾಗ ಕಂಬಿ ಸೊಟ್ಟಗೇ ಇತ್ತು.

“ಇವರಿಗೆ ಮೇಲಿನದು, ನನಗೆ ಕೆಳಗಿನದು, ನಡುವಿನದು,” ಎಂದ ಕಿವಿಯಪ್ಪ. “ಪಾಲು ಮಾಡ್ಕೊಂಡ್ರೆ ಒಂದೂ ತಪ್ಪಿಸ್ಕೊಳ್ಳಲ್ಲ.”

“ಪರೀಕ್ಷೆ ಆಗ್ಲಿ. ಮೇಲೆ ಕೇಳಿ ಹೇಳ್ತೀನಿ,” ಎಂದ ಸೂಪರ್‌ವೈಸರ್. ಆಗುತ್ತದೆ ಎಂದೂ ಹೇಳಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ. ಅವನು ಅಷ್ಟರ ಮಟ್ಟಿಗಾದರೂ ಒಳ್ಳೆಯವನು.

“ನೀವು ಕೇಳ್ತಾ ಇರಿ, ನಂಗೆ ನಿಂತು ನಿಂತು ಕಾಲು ನೋಯ್ತಿದೆ,” ಎಂದಳು ಲೇಬಲ್ಲಮ್ಮ. ಹೊರಗೆ ಹೋಗಿ ತನ್ನ ಕಬ್ಬಿಣದ ಕುರ್ಚಿಯನ್ನು ಸಿಮೆಂಟಿನ ನೆಲದ ಮೇಲೆ ಎಳೆದುಕೊಂಡು ಒಳಗೆ ಬಂದಳು. ಸೂಪರ್‌ವೈಸರ್ ಹಲ್ಲು ಕಚ್ಚಿ, ಭುಜ ಕುಗ್ಗಿಸಿ, ಮುಖವನ್ನು ಒಂದೇ ಹಿಡಿಯಷ್ಟು ಮಾಡಿಕೊಂಡ. ಕಿವಿಯಪ್ಪ ಆ ಮುಖವನ್ನು ನೋಡಿದ, ಕುರ್ಚಿಯ ಕಾಲುಗಳನ್ನು ನೋಡಿದ.

“ಅದಕ್ಕೂ ಒಂದು ತೊಟ್ಟು ಎಣ್ಣೆ ಬೇಕು,” ಎಂದು ಹೇಳಿ, ಮುಂದಿನ ಮೋಟಾರನ್ನು ಕೈಗೆತ್ತಿಕೊಂಡ.